ತಪಾಸಣೆಯ ಹಿಂದಿನ ದಿನ

ಫೆಬ್ರವರಿ 4

ನನ್ನ ಅಳತೆಗೋಲಮ್ಮನಿಗೆ,

ನಾನೂ ನಿನ್ನ ಅಮ್ಮನೂ ಗಟ್ಟಿಮುಟ್ಟಾಗಿದ್ದೇವೆ, ಬೇಕರಿಯ ಒಲೆಯೂ ಗಟ್ಟಿಮುಟ್ಟಾಗಿದೆ. ಕೆಟ್ಟಿರುವುದು ನನ್ನ ಕಿವಿ ಒಂದೇ. ಮೊನ್ನೆ ಫೋನಿನಲ್ಲಿ ನೀನು ಅರ್ಧ ಗಂಟೆ ಮಾತಾಡಿದೆಯಂತೆ. ನಾನು "ಹ್ಞೂಂ, ಹ್ಞೂಂ" ಅಂದದ್ದಷ್ಟೇ ಬಂತು. ಮೂವತ್ತೈದು ವರ್ಷ ಹಿಟ್ಟು ಕಲಸುವ ಯಂತ್ರದ ಪಕ್ಕ ನಿಂತ ಕಿವಿ, ಅದು ತಾನೇ ಇನ್ನೆಷ್ಟು ಕೇಳೀತು? ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಒಂದು ಬೆರಳಿಗೆ ಮೂರು ಅಕ್ಷರ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಇನ್ನು ಮುಂದೆ ಕಾಗದವೇ. ನೀನೂ ಬರೆಯಬೇಕು. ನೆಪ ಹೇಳಿದರೆ ಕಿವಿ ಹಿಂಡುತ್ತೇನೆ.

ವಿಷಯ ಏನೆಂದರೆ, ನಿನ್ನ ಅಪ್ಪ ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತಿದ್ದಾನೆ. ನಮ್ಮ ಆಸ್ಪತ್ರೆಯಲ್ಲಿ ಒಂದು ಹೊಸ ಔಷಧಿಯನ್ನು ಪರೀಕ್ಷೆ ಮಾಡುತ್ತಿದ್ದಾರೆ. ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದವರಿಗಾಗಿ ಅದು. ನೂರೈವತ್ತರೊಳಗೆ ಇರಬೇಕಾದದ್ದು ನನ್ನದು 640 ಬಂತು. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಇದೇ ಕೊಬ್ಬು ಏರಿ ಏರಿ ಮೇದೋಜೀರಕ ಗ್ರಂಥಿ ಊದಿಕೊಂಡು ನಿನ್ನ ಚಿಕ್ಕಪ್ಪ ನಲವತ್ತೊಂದಕ್ಕೇ ಹೋಗಿಬಿಟ್ಟನಲ್ಲ. "ನಿಮ್ಮ ಮನೆತನದಲ್ಲೇ ಇದೆ" ಅಂದರು ಡಾಕ್ಟರು.

ಒಂದು ವರ್ಷದ ಪರೀಕ್ಷೆ. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇರುವ ಡಮ್ಮಿ ಕ್ಯಾಪ್ಸೂಲು. ಯಾರಿಗೆ ಯಾವುದು ಅಂತ ಕಂಪ್ಯೂಟರಿಗೆ ಬಿಟ್ಟರೆ ಡಾಕ್ಟರಿಗೂ ಗೊತ್ತಿಲ್ಲ, ನರ್ಸಮ್ಮನಿಗೂ ಗೊತ್ತಿಲ್ಲ, ನುಂಗುವ ನನಗಂತೂ ಗೊತ್ತೇ ಇಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಟ್ಟು ಬರಬೇಕು. ನರ್ಸಮ್ಮ ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಆಸ್ಪತ್ರೆಯೆಲ್ಲ ಅದನ್ನೇ ಹುಡುಕುತ್ತಾಳೆ. ನಾನು ಪೆನ್ಸಿಲ್ ಸಿಸ್ಟರ್ ಅಂತ ಹೆಸರಿಟ್ಟಿದ್ದೇನೆ. ಅವಳು ಬಾಟಲಿ ಕೈಗಿಟ್ಟು ಹೇಳಿದಳು: "ಬೇಕರಿ ಯಜಮಾನ್ರೇ, ದಿನಾ ಏನು ತಿಂತೀರೋ ಅದನ್ನೇ ತಿನ್ನಿ. ಏನೂ ಬದಲಾಯಿಸಬೇಡಿ. ರಕ್ತ ಕೊಡೋ ದಿನ ಬೆಳಿಗ್ಗೆ ಮಾತ್ರ ಖಾಲಿ ಹೊಟ್ಟೇಲಿ ಬನ್ನಿ, ಅಷ್ಟೇ."

ನಿನ್ನ ಸೇತುವೆ ಎಷ್ಟು ಉದ್ದ? ಊಟ ಹೇಗೆ? ಸೇರುತ್ತದೆಯೋ ಇಲ್ಲವೋ?

ಹಿಟ್ಟು ಮೆತ್ತಿದ ಕೈಯಿಂದ,
ನಿನ್ನ ಅಪ್ಪ


ಫೆಬ್ರವರಿ 21

ಅಪ್ಪಾ,

ಕಾಗದ ಬಂತು. ಬಿಚ್ಚಿದಾಗ ಮಡಿಕೆಯಿಂದ ನಿಜವಾಗಿಯೂ ಹಿಟ್ಟು ಉದುರಿತು. ಆಫೀಸಿನವರೆಲ್ಲ ನಕ್ಕರು, ನನಗೆ ಮಾತ್ರ ಮೂಗಿನ ತುದಿ ಚುರುಗುಟ್ಟಿತು.

ನೀನು ಪರೀಕ್ಷೆಗೆ ಸೇರಿದ್ದು ನನಗೆ ತುಂಬ ಖುಷಿ. ಗುಳಿಗೆ ಮರೆಯಬೇಡ, ಬಾಟಲಿಯನ್ನು ಮೊಟ್ಟೆಯ ಪಕ್ಕ ಇಟ್ಟುಕೋ. ಮೊಟ್ಟೆಯನ್ನಂತೂ ನೀನು ಮರೆಯುವುದಿಲ್ಲ.

ಸೇತುವೆ ಒಂದೂಕಾಲು ಕಿಲೋಮೀಟರು. ತಗಡಿನ ಷೆಡ್ಡಿನಲ್ಲಿ ನನ್ನ ಮೇಜು. ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು, ಅದಕ್ಕೆ ಕಾಗದವೇ ವಾಸಿ. ಒಂದೊಂದು ಭಾಗ ಕಟ್ಟಿ ಮುಗಿದ ಮೇಲೆ ಮರಳು ತುಂಬಿದ ಲಾರಿಗಳನ್ನು ಸಾಲಾಗಿ ಸೇತುವೆಯ ಮೇಲೆ ನಿಲ್ಲಿಸುತ್ತೇವೆ. ಅದು ಎಷ್ಟು ಬಾಗುತ್ತದೆ ಅಂತ ಕೆಳಗೆ ನಿಂತು ಅಳೆಯುವವಳು ನಾನು. "ಲೆಕ್ಕ ತಪ್ಪಿದ್ದರೆ ಮೊದಲು ನಿಮ್ಮ ತಲೆ ಮೇಲೇ ಮೇಡಂ" ಅಂತ ಕ್ರೇನಿನವನು ತಮಾಷೆ ಮಾಡುತ್ತಾನೆ.

ಕಂಪನಿಯವರು ನಮಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ನನ್ನದು ಎಲ್ಲ ಸರಿಯಾಗಿದೆ. ಅಮ್ಮನಿಗೆ ಹೇಳು, ಚೆನ್ನಾಗಿ ತಿನ್ನುತ್ತಿದ್ದೇನೆ.

ನಿನ್ನ
ಅಳತೆಗೋಲು


ಮೇ 12

ಮಗಳೇ,

ಕೂತಿದ್ದೀಯಾ? ಇಲ್ಲದಿದ್ದರೆ ಕೂತುಕೋ. 362!

ಹೌದು, 640 ಇದ್ದದ್ದು 362. ಪೆನ್ಸಿಲ್ ಸಿಸ್ಟರ್ ಮುಖ ನೋಡಬೇಕಿತ್ತು ನೀನು. ಕಾಗದ ಹಿಡಿದು ಓಡಿ ಬಂದಳು. ಯಾರ ಬಾಟಲಿಯಲ್ಲಿ ಏನಿದೆಯೋ ಹೇಳಲಾರೆವು ಅಂತ ಬಾಯಲ್ಲಿ ಹೇಳಿದರೂ ಕಣ್ಣೆಲ್ಲ ನಗು. ಆ ಔಷಧಿ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ. ಇದು ಪಾಸಾಗಬೇಕು, ಬೇಗ ಅಂಗಡಿಗೆ ಬರಬೇಕು. ನನಗೋಸ್ಕರ ಅಂತಲ್ಲ, ನಮ್ಮ ಕಾಲ ಹೇಗೋ ನಡೆಯಿತು. ಮುಂದಿನವರಿಗೆ ಬೇಕಲ್ಲ.

ಮಾರ್ಚಿನಲ್ಲಿ ನಿನ್ನ ಕಂಪನಿಯಿಂದ ಇಲ್ಲಿಯ ವಿಳಾಸಕ್ಕೆ ಒಂದು ಲಕೋಟೆ ಬಂದಿತ್ತು. ನಿನ್ನ ಹಳೆಯ ಪುಸ್ತಕಗಳ ನಡುವೆ ಎತ್ತಿಟ್ಟಿದ್ದೇನೆ. ನಿನ್ನ ರಕ್ತ ಪರೀಕ್ಷೆ ಎಲ್ಲ ಸರಿಯಿದೆ ಅಂದೆಯಲ್ಲ? ಸರಿ ಹಾಗಾದರೆ. ಮತ್ತೆ ಕೇಳುವುದಿಲ್ಲ.

ಬೆಣ್ಣೆ ಬಿಸ್ಕತ್ತು ಕಡಿಮೆ ತಿನ್ನು.

ಅಪ್ಪ


ಆಗಸ್ಟ್ 15

ಪ್ರೀತಿಯ ಮಗಳಿಗೆ,

ಈ ಸಲ 308. ಡಾಕ್ಟರೇ ಎದ್ದು ನಿಂತು ಕೈ ಕುಲುಕಿದರು. ನನಗೆ ಸ್ವಲ್ಪ ಸುಸ್ತು, ಅಷ್ಟೇ. ಸೆಖೆಗೆ ಇರಬೇಕು. ಅಮ್ಮ ಏನಾದರೂ ಬರೆದರೆ ಅರ್ಧ ಕಳೆದು ಓದಿಕೋ, ಅವಳು ಎಲ್ಲದಕ್ಕೂ ಒಗ್ಗರಣೆ ಹಾಕುತ್ತಾಳೆ.

ಅಪ್ಪ

(ಹಾಳೆಯ ಹಿಂಬದಿಯಲ್ಲಿ)

ಮಗಳೇ, ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟು ಹೋಗಿದ್ದಾರೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಒಗ್ಗರಣೆಯೂ ಇಲ್ಲ, ಗಿಗ್ಗರಣೆಯೂ ಇಲ್ಲ. ನಿಮ್ಮಪ್ಪ ಮಂಗಳವಾರ ಒಲೆಯ ಮುಂದೆ ಧೊಪ್ಪನೆ ಬಿದ್ದರು. ಮೈಯೆಲ್ಲ ಬೆವರು, ಕೈ ನಡುಕ. ಸಕ್ಕರೆ ಪೂರಾ ಇಳಿದುಹೋಗಿತ್ತು. ಬಾಯಿಗೆ ಸಕ್ಕರೆ ನೀರು ಹಾಕಿ ಕೂರಿಸಿದೆ. "ಯಾರಿಗೂ ಹೇಳ್ಬೇಡ್ವೇ" ಅಂತ ನನ್ನ ಕೈ ಹಿಡಿದುಕೊಂಡರು. ಆಸ್ಪತ್ರೆಗೆ ಹೋಗುವ ಮುಂಚೆ ಐದು ದಿನ ಬರೀ ಬೇಯಿಸಿದ ಕೋಸು ತಿಂದಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಪೂರ್ತಿ ನುಂಗಿದ್ದಾರೆ. ಮೇ ತಿಂಗಳಲ್ಲೂ ಹೀಗೇ ಮಾಡಿದರು. ಆಗ ವ್ರತ ಹಿಡಿದವರ ಥರ ಆಡುತ್ತಾರೆ ಅಂತ ಸುಮ್ಮನಿದ್ದೆ. ಯಾಕೆ ಅಂತ ಕೇಳಿದರೆ ಬಾಯಿಗೆ ಬೀಗ. ನೀನು ಕೇಳು, ನಿನಗೆ ಹೇಳುತ್ತಾರೆ.

ಅಮ್ಮ


ಆಗಸ್ಟ್ 22

ಅಪ್ಪಾ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ, ಈ ಕಾಗದವನ್ನು ಇದು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲೆರಡರಲ್ಲಿ ಬರೀ ಬೈಗುಳವೇ ಇತ್ತು. ಅಮ್ಮನನ್ನು ಬೈಯಬೇಡ. ಅವಳು ಹೇಳದಿದ್ದರೆ ಮುಂದಿನ ಸಲ ಒಲೆಯ ಮುಂದೆ ಅಲ್ಲ, ಒಲೆಯ ಮೇಲೇ ಬೀಳುತ್ತಿದ್ದೆ.

ನೀನು ಏನು ಮಾಡುತ್ತಿದ್ದೀಯ ಅಂತ ನನಗೆ ತಟ್ಟನೆ ಗೊತ್ತಾಯಿತು. ನಾನು ನಿನ್ನ ಅಂಗಡಿಯಲ್ಲೇ ಬೆಳೆದವಳು ಅಲ್ಲವೇ? ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು! ಅಮ್ಮ ಟ್ರೇ ಉಜ್ಜುವುದು, ನಾನು ಮೊಣಕಾಲೂರಿ ನೆಲ ಉಜ್ಜುವುದು, ನೀನು ಒಲೆಯ ಹೊಗೆ ಗೋಡೆಗೆ ಸುಣ್ಣ ಬಳಿಯುವುದು. ಮಾರನೆಯ ದಿನ ಆತ "ಭೇಷ್" ಅಂತ ಬರೆದು ಹೋಗುತ್ತಿದ್ದ. ಅದರ ಮಾರನೆಯ ದಿನ ಗೋಡೆ ಮತ್ತೆ ಕಪ್ಪು. ಈಗ ನೀನು ನಿನ್ನ ರಕ್ತಕ್ಕೇ ಸುಣ್ಣ ಬಳಿಯುತ್ತಿದ್ದೀಯ.

ಅಪ್ಪಾ, ಇದು ಇನ್ಸ್‌ಪೆಕ್ಟರ್ ಬರುವ ತಪಾಸಣೆ ಅಲ್ಲ. ಇಲ್ಲಿ ತಪಾಸಣೆ ನಿನಗಲ್ಲ, ಔಷಧಿಗೆ. ನಾನು ಲಾರಿಗಳನ್ನೆಲ್ಲ ಇಳಿಸಿ, ಖಾಲಿ ಸೇತುವೆಯನ್ನು ಅಳೆದು "ಒಂದು ಕೂದಲೆಳೆಯಷ್ಟೂ ಬಾಗಲಿಲ್ಲ" ಅಂತ ಬರೆದರೆ ನೀನು ಆ ಸೇತುವೆಯ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತೀಯಾ?

ಪೆನ್ಸಿಲ್ ಸಿಸ್ಟರಿಗೆ ಎಲ್ಲ ಹೇಳಿಬಿಡು. ಮತ್ತೆ ನನಗೆ ಯಾಕೆ ಅಂತ ಹೇಳು. ಶಹಬ್ಬಾಸ್ ಅನ್ನಿಸಿಕೊಳ್ಳಲು ಹೊಟ್ಟೆಗೆ ಬರೆ ಹಾಕಿಕೊಳ್ಳುವವನಲ್ಲ ನೀನು.

ಕೋಪದಲ್ಲಿಯೂ ನಿನ್ನವಳೇ ಆದ
ಮಗಳು


ಸೆಪ್ಟೆಂಬರ್ 3

ಕಂದಾ,

ಬೈದದ್ದು ಸಾಕಾಯಿತೋ, ಇನ್ನೂ ಇದೆಯೋ? ಇದ್ದರೆ ಕಳಿಸು. ತಪ್ಪು ನನ್ನದೇ.

ಆ ಲಕೋಟೆಯನ್ನು ನಾನು ಒಡೆದೆ. ಬೇಕೆಂದೇ ಅಲ್ಲ. ಈಸ್ಟ್ ಕಂಪನಿಯ ಕಾಗದ ಅಂದುಕೊಂಡು ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಸೀಳಿದೆ. ಒಳಗೆ ನಿನ್ನ ರಕ್ತದ ವರದಿ. ಟ್ರೈಗ್ಲಿಸರೈಡ್ 418. ಅದರ ಕೆಳಗೆ, ಸಕ್ಕರೆ ಕಾಯಿಲೆ ಶುರುವಿನ ಹಂತ ಅಂತ. ಮೂವತ್ತೊಂದು ವರ್ಷದ ಹುಡುಗಿಗೆ! ಅಷ್ಟರಲ್ಲಾಗಲೇ ನೀನು ಎಲ್ಲ ಸರಿಯಾಗಿದೆ ಅಂತ ಬರೆದಾಗಿತ್ತು. ನಿನ್ನ ಅಮ್ಮನಿಗೆ ಹೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ನೀನು ಮುಚ್ಚಿಟ್ಟದ್ದನ್ನು ನಾನು ಕೆದಕಿದರೆ ನಿನಗೆ ನಾಚಿಕೆಯಾದೀತು ಅನ್ನಿಸಿತು. ಒಲೆಯ ಮುಂದೆ ನಿಂತು ನಿನ್ನ ಚಿಕ್ಕಪ್ಪನ ಕೊನೆಯ ವಾರವನ್ನೇ ನೆನೆಸಿಕೊಂಡೆ. ಆ ನೋವಿನಲ್ಲಿ ಅವನು ಹಲ್ಲು ಕಚ್ಚಿಕೊಂಡಿದ್ದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಆಗ ನನಗೆ ಒಂದೇ ಯೋಚನೆ. ಈ ಔಷಧಿ ಪಾಸಾಗಬೇಕು, ನನ್ನ ಮಗಳಿಗೆ ಬೇಕಾಗುವ ಹೊತ್ತಿಗೆ ಅಂಗಡಿಯಲ್ಲಿ ಇರಬೇಕು. ನನ್ನ ಅಂಕಿ ಚೆನ್ನಾಗಿ ಬಂದರೆ ಅದಕ್ಕೆ ನನ್ನ ಕೈಲಾದಷ್ಟು ಒತ್ತಾಸೆ. ಅದಕ್ಕೇ ಕೋಸು ತಿಂದೆ. ದೇವರಾಣೆ, ಕೋಸು ಅಂದರೆ ನನಗೆ ಮೊದಲಿನಿಂದಲೂ ಆಗದು.

ಸಿಸ್ಟರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ, ಔಷಧಿಗೂ ಕಪ್ಪು ಚುಕ್ಕೆ ಬೀಳುತ್ತದೆ. ನೀನೇ ಹೇಳು, ಹೇಗೆ ಹೇಳಲಿ?

ಅಪ್ಪ


ಸೆಪ್ಟೆಂಬರ್ 11

ಅಪ್ಪಾ,

ನಿನ್ನ ಕಾಗದವನ್ನು ಷೆಡ್ಡಿನ ಹಿಂದೆ ನಿಂತು ಓದಿದೆ. ಅಳು ಬಂತು. ಹೆಲ್ಮೆಟ್ ಹಾಕಿಕೊಂಡು ಅಳುವುದು ಎಷ್ಟು ಕಷ್ಟ ಗೊತ್ತಾ?

ಮೊದಲು ನನ್ನ ತಪ್ಪು. ನಾನೂ ಗೋಡೆಗೆ ಸುಣ್ಣ ಬಳಿದೆ. 418 ನೋಡಿದ ದಿನ ಹೆದರಿಕೆಯಾಯಿತು. ನಿನಗೆ ಹೇಳಿದರೆ ಚಿಕ್ಕಪ್ಪನನ್ನು ನೆನೆಸಿಕೊಂಡು ಕೊರಗುತ್ತೀಯ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆ. ನೀನು ಅದೇ ಕೊರಗನ್ನು ಒಬ್ಬನೇ ಕೂತು ಕೋಸಿನ ಜೊತೆ ತಿಂದಿದ್ದೀಯ. ಮಾರ್ಚಿನಲ್ಲೇ ಕೇಳಬಾರದಿತ್ತೇ? ನಾಚಿಕೆ ಎಂಥದ್ದು, ನಿನ್ನ ಮುಂದೆ ನನಗೆ?

ಈಗ ನಿನ್ನ ಪ್ರಶ್ನೆ. ಹೊಸ ಈಸ್ಟ್ ಬಂದಾಗಲೆಲ್ಲ ನೀನು ಏನು ಮಾಡುತ್ತಿದ್ದೆ? ಹಳೇ ಈಸ್ಟಿನದು ಒಂದು, ಹೊಸದರದ್ದು ಒಂದು, ಎರಡು ಬ್ರೆಡ್ಡನ್ನು ಒಂದೇ ಒಲೆಯಲ್ಲಿ ಅಕ್ಕಪಕ್ಕ ಇಡುತ್ತಿದ್ದೆ. ನಾನು ಒಂದು ಸಲ ಹಳೆಯದರ ಹಿಟ್ಟಿಗೆ ಕದ್ದು ಒಂದು ಚಮಚ ಸಕ್ಕರೆ ಹಾಕಿದೆ, ಪಾಪ ಅದೂ ಚೆನ್ನಾಗಿ ಉಬ್ಬಲಿ ಅಂತ. ನೀನು ಎರಡನ್ನೂ ಹಸುವಿಗೆ ಹಾಕಿದೆ. "ಇದರಿಂದ ಇನ್ನೇನೂ ಗೊತ್ತಾಗೋದಿಲ್ಲ ಮರೀ" ಅಂದೆ. ಬೈಯಲೂ ಇಲ್ಲ.

ಮತ್ತೆ ಇದನ್ನು ನಿಧಾನವಾಗಿ ಓದು. ಆ ಔಷಧಿ ನಿನ್ನ ಕೋಸಿನ ಬಲದಿಂದ ಪಾಸಾದರೆ ಮುಂದೆ ಅದನ್ನು ನುಂಗುವವಳು ಯಾರು? ನಾನು. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅಂತ ನೆಮ್ಮದಿಯಾಗಿ ಇರುತ್ತೇನೆ, ಒಳಗೆ ಕೊಬ್ಬು ಏರುತ್ತಲೇ ಇರುತ್ತದೆ. ಚಿಕ್ಕಪ್ಪನಿಗೆ ಆದದ್ದು ನನಗೂ ಆಗುತ್ತದೆ, ಗುಳಿಗೆ ಬಾಟಲಿ ತಲೆದಿಂಬಿನ ಪಕ್ಕದಲ್ಲಿ ಇರುವಾಗಲೇ. ನನ್ನ ಮೇಲಿನ ಪ್ರೀತಿಗೆ ಹೇಳಿದ ಸುಳ್ಳು ನನ್ನ ಹೊಟ್ಟೆಗೇ ಬರುತ್ತದೆ ಅಪ್ಪಾ. ನನಗೆ ನಿಜವಾದ ಅಂಕಿ ಕೊಡು. ಕೆಟ್ಟದಾದರೂ ಪರವಾಗಿಲ್ಲ.

ಹೇಗೆ ಹೇಳಲಿ ಅಂತ ಕೇಳಿದೆಯಲ್ಲ. ನನಗೆ ಬರೆದ ಹಾಗೇ ಹೇಳು.

ನಿನ್ನ
418


ನವೆಂಬರ್ 18

ನನ್ನ ಅಳತೆಗೋಲೇ,

ಎರಡು ತಿಂಗಳು ಬರೆಯಲಿಲ್ಲ, ಗೊತ್ತು. ಹೇಳಿದ ಮೇಲೆಯೇ ಬರೆಯುವುದು ಅಂತ ಹಟ ಹಿಡಿದಿದ್ದೆ, ಹೇಳಲು ಧೈರ್ಯ ಬರಲಿಲ್ಲ. ಅಕ್ಟೋಬರಿನಲ್ಲಿ ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಕಾವಲುಗಾರನಿಗೆ ಬನ್ನು ಕೊಟ್ಟು ವಾಪಸು ಬಂದೆ. ಕೊನೆಗೆ ಈ ಸಲದ ತಪಾಸಣೆಯ ಹಿಂದಿನ ವಾರ ಅಮ್ಮನೇ ಚಪ್ಪಲಿ ಮೆಟ್ಟಿಕೊಂಡು "ನಡೀರಿ, ನಾನೂ ಬರ್ತೀನಿ" ಅಂದಳು. ದಾರಿಯಲ್ಲಿ ಅವಳಿಗೆ ನಿನ್ನ 418ರ ವಿಷಯವನ್ನೂ ಹೇಳಿದೆ. ಅವಳು ಬೀದಿಯಲ್ಲೇ ನಿಂತುಬಿಟ್ಟಳು. ಆಮೇಲೆ "ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು" ಅಂತ ಬೈದು, ನನ್ನ ಕೈ ಹಿಡಿದುಕೊಂಡು ನಡೆದಳು.

ಪೆನ್ಸಿಲ್ ಸಿಸ್ಟರ್ ಕೋಣೆಯಲ್ಲಿ ಒಂದು ಮೇಜು, ಒಂದು ತೂಕದ ಯಂತ್ರ, ಗೋಡೆಗೆ ಒರಗಿಸಿದ ಎರಡು ಕುರ್ಚಿ. ನಾನು ಕೂರಲೇ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಕೋಸು, ಐದು ದಿನ, ಬಿದ್ದದ್ದು, ನಿನ್ನ ಲಕೋಟೆ. ಅವಳ ಮುಖ ಸಪ್ಪೆಯಾಯಿತು. ನನ್ನ ಕಿವಿ ಕೇಳದು ಅಂತ ಹತ್ತಿರ ಬಂದು ಜೋರಾಗಿ ಕೇಳಿದಳು: "ಬಿದ್ದಿದ್ದನ್ನ ಯಾಕೆ ಹೇಳ್ಲಿಲ್ಲ? ನಿಮಗೇನಾದ್ರೂ ಆಗಿದ್ರೆ?" ಮೊದಲು ಕೇಳಿದ್ದು ಅಂಕಿಯನ್ನಲ್ಲ, ಅದನ್ನು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ನನ್ನನ್ನ ತೆಗೆದುಹಾಕ್ತೀರಾ ಸಿಸ್ಟರ್?" ಅಂದೆ.

"ತೆಗೆದುಹಾಕೋಕೆ ನೀವೇನು ಸುಟ್ಟ ಬ್ರೆಡ್ಡಾ?" ಅಂದಳು. "ಆಗಿದ್ದನ್ನ ಆದ ಹಾಗೇ ಬರೀತೀವಿ. ಆದ್ರೆ ಯಾವ್ಯಾವ ದಿನ ಏನೇನು ತಿಂದ್ರಿ ಅಂತ ನೆನಪಿದೆಯಾ?"

ನೆನಪೇಕೆ ಬೇಕು? ನನ್ನ ಒಲೆ ಪುಸ್ತಕ ಇದೆಯಲ್ಲ. ಯಾವ ದಿನ ಎಷ್ಟು ನೀರು, ಎಷ್ಟು ಕಾವು, ಎಷ್ಟು ಹೊತ್ತು ಅಂತ ದಿನಾ ಬರೆಯುವ ಕೈ. ಪರೀಕ್ಷೆಗೆ ಸೇರಿದಂದಿನಿಂದ ನನ್ನ ಊಟವನ್ನೂ ಅದರ ಅಂಚಿನಲ್ಲಿ ಬರೆದಿದ್ದೆ, ಅಭ್ಯಾಸಬಲ. ಊರಿಗೆಲ್ಲ ಸುಳ್ಳು ಹೇಳಿದರೂ ಒಲೆ ಪುಸ್ತಕಕ್ಕೆ ಹೇಳಿರಲಿಲ್ಲ. ಅಮ್ಮ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಸಿಸ್ಟರ್ ಕರೆಸಿದ ಡಾಕ್ಟರು ಪುಟ ತಿರುಗಿಸಿ "ಕೋಸು, ಕೋಸು, ಕೋಸು" ಅಂತ ಓದುತ್ತಾ ಹೋದರು. ನಗು ತಡೆಯಲಾಗಲಿಲ್ಲ ಅವರಿಗೆ. ಆಮೇಲೆ ಸಕ್ಕರೆ ಮಾತ್ರೆಯ ಪ್ರಮಾಣವನ್ನು ಸರಿಮಾಡಿ, ಕಣ್ಣು ಕೆಂಪಗೆ ಮಾಡಿ, ಇನ್ನೊಮ್ಮೆ ಉಪವಾಸ ಗಿಪವಾಸ ಅಂದರೆ ನಾನೇ ನಿಮ್ಮ ಬೇಕರಿಗೆ ಬಂದು ಕೂರುತ್ತೇನೆ ಅಂದರು.

ಒಂದು ವಾರ ಎಂದಿನ ಊಟ ಮಾಡಿ ನಿನ್ನೆ ರಕ್ತ ಕೊಟ್ಟೆ. ಇವತ್ತು ಅಂಕಿ ಬಂತು. 622.

ಇದೇ ಮಗಳೇ ನಿಜ. ಒಂದು ಚೂರೂ ಉಜ್ಜಿಲ್ಲ, ತೊಳೆದಿಲ್ಲ. ನಿನಗೆ ಇದಕ್ಕಿಂತ ಒಳ್ಳೆಯದು ಕೊಡಬೇಕೆಂದಿದ್ದೆ.

ಅಪ್ಪ


ನವೆಂಬರ್ 27

ಅಪ್ಪಾ,

622ನ್ನು ನನ್ನ ಮೇಜಿನ ಮುಂದೆ, ಸೇತುವೆಯ ನಕ್ಷೆಯ ಪಕ್ಕ ಅಂಟಿಸಿದ್ದೇನೆ. ಇದಕ್ಕಿಂತ ಒಳ್ಳೆಯದನ್ನು ನೀನು ನನಗೆ ಯಾವತ್ತೂ ಕೊಟ್ಟಿಲ್ಲ.

ನಾನೂ ಇಲ್ಲಿ ಡಾಕ್ಟರ ಹತ್ತಿರ ಹೋಗಿ ಬಂದೆ. ದಿನಾ ಸೇತುವೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆಯುತ್ತೇನೆ, ಬೆಣ್ಣೆ ಬಿಸ್ಕತ್ತನ್ನು ಕ್ರೇನಿನವನಿಗೆ ದಾನ ಮಾಡಿದ್ದೇನೆ. ಮುಂದಿನ ಅಂಕಿ ಏನೇ ಬರಲಿ, ಅದೇ ದಿನ ನಿನಗೆ ಬರೆಯುತ್ತೇನೆ. ಅಮ್ಮನಿಗೂ.

ನಿನ್ನ ಮಗಳು


ಮಾರ್ಚ್ 16

ಮಗಳೇ,

ನಿನ್ನ 351 ಬಂತು. ಅಮ್ಮ ಆ ಕಾಗದವನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ, ಬ್ರೆಡ್ ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಿದ್ದಾಳೆ. ಏನಿದು ಅಂತ ಯಾರಿಗೂ ಅರ್ಥವಾಗುವುದಿಲ್ಲ. ಅವಳಿಗೆ ಅದರ ಚಿಂತೆಯೂ ಇಲ್ಲ.

ಪರೀಕ್ಷೆ ಇಲ್ಲಿಯೂ ಬೇರೆ ಊರುಗಳಲ್ಲಿಯೂ ಮುಗಿಯಿತು. ಕೊನೆಯ ಬಾಟಲಿ ವಾಪಸು ಕೊಟ್ಟೆ. ಯಾರಿಗೆ ಏನು ಕೊಟ್ಟಿದ್ದರು ಅಂತ ನಿನ್ನೆ ಕರೆದು ಹೇಳಿದರು. ನಿನ್ನ ಅಪ್ಪ ವರ್ಷವಿಡೀ ನುಂಗಿದ್ದು ಮೆಕ್ಕೆಜೋಳದ ಎಣ್ಣೆ! ಔಷಧಿಯ ಒಂದು ಹನಿಯೂ ನನ್ನ ಹೊಟ್ಟೆಗೆ ಹೋಗಿಲ್ಲ. ಆ 362, 308 ಎಲ್ಲ ಕೋಸಿನ ಮಹಿಮೆ.

ನಾನು ನಕ್ಕೆ. ಪೆನ್ಸಿಲ್ ಸಿಸ್ಟರ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಹೇಳಿದಳು: "ಯಜಮಾನ್ರೇ, ಡಮ್ಮಿ ನುಂಗಿದೋರಿಗೇ ಅಷ್ಟು ಇಳಿದುಬಿಟ್ಟಿದ್ರೆ, ಔಷಧಿ ನುಂಗಿದೋರಿಗೆ ಇಳಿದಿದ್ದಕ್ಕೆ ಏನು ಬೆಲೆ ಇರ್ತಿತ್ತು? ನಿಮ್ಮ ಥರ ಇನ್ನೊಂದು ಹತ್ತು ಜನ ಕೋಸು ತಿಂದಿದ್ರೆ ಒಳ್ಳೇ ಔಷಧಿನೂ ಫೇಲ್ ಆಗ್ತಿತ್ತು."

ನನ್ನ ನಗು ಅಲ್ಲೇ ನಿಂತಿತು. ಯೋಚಿಸು ಮಗಳೇ. ಪಾಸು ಮಾಡಿಸುತ್ತೇನೆ ಅಂತ ಹೊರಟವನು ಫೇಲು ಮಾಡಿಸುತ್ತಿದ್ದೆ. ನಿನಗೆ ಬರಬೇಕಾದದ್ದನ್ನು ನನ್ನ ಕೈಯಾರೆ ತಳ್ಳುತ್ತಿದ್ದೆ. ಅದೂ ಹೊಟ್ಟೆಗಿಲ್ಲದೆ, ಒಲೆಯ ಮುಂದೆ ಬಿದ್ದು. ನಾನು ಆ ಹಳೇ ಈಸ್ಟಿನ ಬ್ರೆಡ್ಡು, ಪಕ್ಕದಲ್ಲಿ ಸುಮ್ಮನೆ ಇದ್ದ ಹಾಗೇ ಇರುವುದೇ ನನ್ನ ಕೆಲಸವಾಗಿತ್ತು. ನೀನು ಆ ಚಮಚ ಸಕ್ಕರೆಯನ್ನು ನೆನಪು ಮಾಡದೇ ಹೋಗಿದ್ದರೆ ಏನು ಗತಿಯಾಗುತ್ತಿತ್ತು!

ಔಷಧಿ ಪಾಸೋ ಫೇಲೋ ಇನ್ನೂ ಗೊತ್ತಿಲ್ಲ. ಎಲ್ಲ ಊರಿನವರ ಅಂಕಿ ಸೇರಿಸಿ ಲೆಕ್ಕ ಹಾಕಬೇಕಂತೆ, ತಿಂಗಳುಗಳೇ ಹಿಡಿಯುತ್ತವಂತೆ. ಏನಾದರೂ ಬರಲಿ. ಅದರಲ್ಲಿ ನನ್ನ 622 ಇದೆ, ಕೋಸಿನ ಪುಟಗಳೂ ಇವೆ, ಯಾವುದೂ ಮುಚ್ಚಿಟ್ಟದ್ದಲ್ಲ. ನೀನು ಧೈರ್ಯವಾಗಿ ನಂಬಬಹುದು. ನನಗೆ ಡಾಕ್ಟರು ಹಳೆಯ ಮಾತ್ರೆಯನ್ನೇ ಬರೆದುಕೊಟ್ಟಿದ್ದಾರೆ, ಊಟದ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿಯೂ ಕೋಸು ಇದೆ, ನೋಡು ನನ್ನ ಹಣೆಬರಹ.

ಮುಂದಿನ ತಿಂಗಳು ರಜೆಗೆ ಬರುತ್ತೇನೆ ಅಂದಿದ್ದೀಯ. ಯಾವ ದಿನ ಅಂತ ಮಾತ್ರ ಬರೆಯಬೇಡ. ಗೊತ್ತಾದರೆ ನಿನ್ನ ಅಮ್ಮ ಹಿಂದಿನ ದಿನವೇ ಟ್ರೇ ಉಜ್ಜಲು ಕೂರುತ್ತಾಳೆ, ನಾನು ಸುಣ್ಣದ ಬಕೆಟ್ಟು ಹುಡುಕುತ್ತೇನೆ. ಸುಮ್ಮನೆ ಒಂದು ದಿನ ಬಂದುಬಿಡು. ಗೋಡೆ ಕಪ್ಪಾಗಿರುತ್ತದೆ, ನನ್ನ ಕೈಯೆಲ್ಲ ಹಿಟ್ಟಾಗಿರುತ್ತದೆ, ನೀನು ಕರೆದದ್ದು ನನಗೆ ಕೇಳಿಸುವುದೂ ಇಲ್ಲ. ಹಿಂದಿನಿಂದ ಬಂದು ಬೆನ್ನು ತಟ್ಟು.

ಇದ್ದ ಹಾಗೇ ಇರುವ,
ನಿನ್ನ ಅಪ್ಪ